ಎಕ್ಸಾಸ್ಟ್ ಫ್ಯಾನ್ ನಿಲ್ಲಿಸಿ ನೋಡದೆ ಬಿಎಸ್‌ಎಲ್-3 ಶವಪರೀಕ್ಷಾ ಕೊಠಡಿಗೆ ಸಹಿ ಹಾಕಬೇಡಿ

ಬಿಎಸ್‌ಎಲ್-3 ಅಂದರೆ ಗಾಳಿಯಿಂದ ಹರಡಬಲ್ಲ ಅಪಾಯಕಾರಿ ರೋಗಾಣುಗಳಿಗೆ ಬೇಕಾದ ಮೂರನೆಯ ಹಂತದ ಜೈವಿಕ ಸುರಕ್ಷತೆ. ಗಾಳಿ ಹೊರಗೆ ಸೋರದಂತೆ ಕೋಣೆಯ ಒತ್ತಡವನ್ನು ಕಾರಿಡಾರಿಗಿಂತ ಕಡಿಮೆ ಇಡುತ್ತಾರೆ; ಗಾಳಿ ಹೊರಹಾಕುವುದು ಎಕ್ಸಾಸ್ಟ್, ಒಳಬಿಡುವುದು ಸಪ್ಲೈ. ಹಸ್ತಾಂತರದ ದಿನ ಗುತ್ತಿಗೆದಾರರು ಮೊದಲು ತೋರಿಸುವುದು ಬಾಗಿಲ ಪಕ್ಕದ, ಒತ್ತಡದ ವ್ಯತ್ಯಾಸ ತೋರಿಸುವ ಮ್ಯಾಗ್ನೆಹೆಲಿಕ್ ಗೇಜುಗಳನ್ನು. ಕಾರಿಡಾರ್ 0, ಬಟ್ಟೆ ಬದಲಿಸುವ ಕೋಣೆ −12.5 ಪಾಸ್ಕಲ್, ಏರ್‌ಲಾಕ್ −25, ಶವಪರೀಕ್ಷಾ ಕೊಠಡಿ −37.5. ಗಂಟೆಗೆ 12 ಬಾರಿ ಗಾಳಿ ಬದಲಾವಣೆ. ಎಲ್ಲವೂ ಡ್ರಾಯಿಂಗಿನಲ್ಲಿ ಇದ್ದಂತೆಯೇ. ಕರೆಂಟು ಇದ್ದು, ಫ್ಯಾನು ಓಡುತ್ತಿರುವಾಗ ಇಷ್ಟು ಬರದಿದ್ದರೆ ಇನ್ಯಾವಾಗ ಬರಬೇಕು? ಪರೀಕ್ಷೆ ಶುರುವಾಗುವುದೇ ಇಲ್ಲಿಂದ ಮುಂದೆ.

ಮಾಮೂಲಿ ಬಿಎಸ್‌ಎಲ್-3 ಲ್ಯಾಬಿನಲ್ಲಿ ಅಪಾಯದ ಕೆಲಸವೆಲ್ಲ ಬಯೋಸೇಫ್ಟಿ ಕ್ಯಾಬಿನೆಟ್ಟಿನೊಳಗೆ (ಗಾಳಿಯನ್ನು ಒಳಕ್ಕೆಳೆದು ಶೋಧಿಸುವ ಪೆಟ್ಟಿಗೆ) ನಡೆಯುತ್ತದೆ. ಕೋಣೆ ಎರಡನೆಯ ತಡೆ. ಹೆಣವನ್ನು ಕ್ಯಾಬಿನೆಟ್ಟಿನೊಳಗೆ ಇಡಲಾಗದು. ಇಲ್ಲಿ ಕೋಣೆಯೇ ಮೊದಲ ತಡೆ. ತಲೆಬುರುಡೆ ಕತ್ತರಿಸುವ ಆಸಿಲೇಟಿಂಗ್ ಗರಗಸದಿಂದ ಏಳುವ ಸೂಕ್ಷ್ಮ ಹನಿಗಳು ಮತ್ತು ಮೂಳೆಪುಡಿ ನೇರ ಕೋಣೆಯ ಗಾಳಿಗೆ ಸೇರುತ್ತವೆ. ಗರಗಸದ ಬಾಯಿಗೆ ಹೆಪಾ (ಸೂಕ್ಷ್ಮಕಣ ಹಿಡಿಯುವ ಫಿಲ್ಟರ್) ಇರುವ ವ್ಯಾಕ್ಯೂಮ್ ಜೋಡಿಸಿದರೂ ಅಷ್ಟನ್ನೂ ಅದು ಹಿಡಿಯುವುದಿಲ್ಲ. 12 ಬದಲಾವಣೆಯ ಲೆಕ್ಕದಲ್ಲಿ ಗಾಳಿಯಲ್ಲಿರುವ ಕಣಗಳಲ್ಲಿ 99% ಹೋಗಲು 23 ನಿಮಿಷ, 99.9% ಹೋಗಲು 35 ನಿಮಿಷ ಬೇಕು, ಅದೂ ಗಾಳಿ ಚೆನ್ನಾಗಿ ಬೆರೆಯುತ್ತದೆ ಎಂಬ ಊಹೆಯ ಮೇಲೆ. ಆ ಹೊತ್ತಿನಲ್ಲೇ ಫ್ಯಾನ್ ನಿಂತರೆ?

ಲೆಕ್ಕ ಹಾಕಿ ನೋಡಿ. 7×6×3 ಮೀಟರಿನ ಕೋಣೆಗೆ 126 ಘನ ಮೀಟರ್ ಗಾಳಿ. ಎಕ್ಸಾಸ್ಟ್ ಗಂಟೆಗೆ 1512 ಘನ ಮೀಟರ್. ಸಪ್ಲೈ ಅದಕ್ಕಿಂತ ಕಡಿಮೆ, 1300 ಅಂದುಕೊಳ್ಳಿ, ಅಂದರೆ ಸೆಕೆಂಡಿಗೆ 0.36. ಎಕ್ಸಾಸ್ಟ್ ಪೂರ್ತಿ ನಿಂತು ಸಪ್ಲೈ ಓಡುತ್ತಲೇ ಇದ್ದರೆ, ಸೋರಿಕೆಯೇ ಇಲ್ಲದ ಕೋಣೆಯಲ್ಲಿ ಒತ್ತಡ ಸೆಕೆಂಡಿಗೆ ಸುಮಾರು 290 ಪಾಸ್ಕಲ್ ಏರುತ್ತದೆ. −37.5 ಕರಗಿಹೋಗಲು ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಡ. ನಿಜದಲ್ಲಿ ಫ್ಯಾನ್ ನಿಧಾನಕ್ಕೆ ನಿಲ್ಲುತ್ತದೆ, ಬಾಗಿಲ ಸಂದಿಯಿಂದಲೂ ಒಂದಿಷ್ಟು ಸೋರುತ್ತದೆ, ಹಾಗಾಗಿ ತುಸು ಕಾಲಾವಕಾಶ ಸಿಗುತ್ತದೆ. ಆದರೆ ಒಂದು ಮಾತು: ಕೋಣೆಯನ್ನು ಎಷ್ಟು ಬಿಗಿಯಾಗಿ ಕಟ್ಟಿರುತ್ತೀರೋ ಗಾಳಿ ಅಷ್ಟೇ ಬೇಗ ಹೊರಮುಖವಾಗುತ್ತದೆ. ಬಿಗಿ ಕೋಣೆಗೆ ನಿಧಾನದ ಕಂಟ್ರೋಲ್ ಕೊಟ್ಟರೆ ಕೆಟ್ಟಿತು.

ಸಾಮಾನ್ಯವಾಗಿ ಕಾಣುವ ತಪ್ಪು ಇಂಟರ್‌ಲಾಕಿನಲ್ಲಿ. ಎಕ್ಸಾಸ್ಟ್ ನಿಂತರೆ ಸಪ್ಲೈ ನಿಲ್ಲಬೇಕು ಎಂದು ಪ್ರೋಗ್ರಾಂ ಬರೆದಿರುತ್ತಾರೆ, ಆದರೆ ಸಿಗ್ನಲ್ ತೆಗೆದುಕೊಂಡಿರುವುದು ಮೋಟಾರಿನ ರನ್ ಕಾಂಟ್ಯಾಕ್ಟಿನಿಂದ, ಅಂದರೆ ಮೋಟಾರ್ ಚಾಲೂ ಇದೆ ಎಂದಷ್ಟೇ ಹೇಳುವ ಸ್ವಿಚ್ಚಿನಿಂದ. ಫ್ಯಾನನ್ನು ತಿರುಗಿಸುವ ಬೆಲ್ಟ್ ತುಂಡಾದರೂ ಮೋಟಾರ್ ಓಡುತ್ತಲೇ ಇರುತ್ತದೆ, ಪರದೆಯ ಮೇಲೆ ಹಸಿರು ದೀಪ ಉರಿಯುತ್ತಲೇ ಇರುತ್ತದೆ. ಸಿಗ್ನಲ್ ಬರಬೇಕಾದದ್ದು ಡಕ್ಟಿನೊಳಗಿನ ಗಾಳಿಯ ಹರಿವಿನಿಂದ. ಬೆಲ್ಟಿನ ತಂಟೆಯೇ ಬೇಡವೆಂದರೆ ಮೋಟಾರಿಗೇ ನೇರ ಜೋಡಿಸಿದ ಡೈರೆಕ್ಟ್ ಡ್ರೈವ್ ಫ್ಯಾನ್ ಹಾಕಿಸಿ, ಹೊರೆ ಹೊರಬಲ್ಲ ಇನ್ನೊಂದನ್ನು ಸ್ಟ್ಯಾಂಡ್‌ಬೈ ಇಡಿ.

ಬಿಎಂಎಸ್ (ಕಟ್ಟಡದ ಯಂತ್ರಗಳನ್ನು ನೋಡಿಕೊಳ್ಳುವ ಕಂಪ್ಯೂಟರ್ ವ್ಯವಸ್ಥೆ) ದಾಖಲೆಯನ್ನು ನಂಬಿ ಕೂರಬೇಡಿ. ಅದು ನಿಮಿಷಕ್ಕೊಮ್ಮೆ ಅಂಕಿ ಬರೆದುಕೊಳ್ಳುವಂತಿದ್ದರೆ ಕೋಣೆಯ ಒತ್ತಡ ಎಂಟು ಸೆಕೆಂಡು ಪಾಸಿಟಿವ್ ಆದದ್ದು ಗ್ರಾಫಿನಲ್ಲಿ ಕಾಣುವುದೇ ಇಲ್ಲ. ಪ್ರತಿ ಬಾಗಿಲಿಗೂ ಸೆಕೆಂಡಿಗೆ ಹಲವು ಸಲ ಅಳೆಯುವ ಬೇರೆ ಲಾಗರ್ ಕೂರಿಸಿ, ಬಾಗಿಲ ಕೆಳಸಂದಿಯಲ್ಲಿ ಹೊಗೆ ಬಿಟ್ಟು ವಿಡಿಯೋ ಮಾಡಿ. ಆಮೇಲೆ ಒಂದೊಂದನ್ನಾಗಿ ಕೆಡಿಸಿ. ಓಡುತ್ತಿರುವ ಎಕ್ಸಾಸ್ಟ್ ಫ್ಯಾನಿನ ಬ್ರೇಕರ್ ಬೀಳಿಸಿ, ಸ್ಟ್ಯಾಂಡ್‌ಬೈ ಎತ್ತಿಕೊಳ್ಳಬೇಕು. ಎರಡನ್ನೂ ಬೀಳಿಸಿ, ಸಪ್ಲೈ ಡ್ಯಾಂಪರ್ (ಡಕ್ಟಿನಲ್ಲಿ ಗಾಳಿ ತಡೆಯುವ ಕದ) ಮುಚ್ಚಿಕೊಳ್ಳಬೇಕು. ಸಪ್ಲೈ ಮಾತ್ರ ನಿಲ್ಲಿಸಿ. ಆಗ ಕೋಣೆ ವಿಪರೀತ ನೆಗೆಟಿವ್ ಆಗಿ ಚಾವಣಿಯ ಪ್ಯಾನೆಲ್ ಒಳಕ್ಕೆ ಬಾಗುವುದೂ, ಬಾಗಿಲು ತೆರೆಯಲಾಗದೆ ಒಳಗಿದ್ದವರು ಒದ್ದಾಡುವುದೂ ಉಂಟು. 1.5×2.1 ಮೀಟರಿನ ಟ್ರಾಲಿ ಬಾಗಿಲಿಗೆ 12.5 ಪಾಸ್ಕಲ್ ಅಂದರೆ ಸುಮಾರು 4 ಕಿಲೋ ಭಾರ; 200 ಪಾಸ್ಕಲ್ ಆದರೆ 60 ಕಿಲೋ ದಾಟುತ್ತದೆ. ಮೇನ್ಸ್ ತೆಗೆದು ಡಿಜಿ ಸೆಟ್ಟಿಗೆ (ಡೀಸೆಲ್ ಜನರೇಟರ್) ಹೋಗಿ. ಮೇನ್ಸ್ ಮರಳಿ ಬರುವಾಗಲೂ ನೋಡಿ. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ಮರಳುವಾಗಲೂ ಒಂದು ಕ್ಷಣ ಕರೆಂಟು ಹೋಗಿ ಬರುತ್ತದೆ, ಆಗ ಸಪ್ಲೈ ಮೊದಲು ಎದ್ದರೆ ಅಲ್ಲಿಗೆ ಫೇಲ್. ಎಕ್ಸಾಸ್ಟ್ ಎದ್ದು, ಹರಿವು ಖಾತ್ರಿಯಾದ ಮೇಲಷ್ಟೇ ಸಪ್ಲೈ ಏಳಬೇಕು. ಕಂಟ್ರೋಲರ್ ಯುಪಿಎಸ್ ಮೇಲಿರಬೇಕು. ಡಿಜಿ ಬರುವವರೆಗೆ ಡ್ಯಾಂಪರ್ ಆಡಿಸುವುದು ಅದೇ.

ಡೌನ್‌ಡ್ರಾಫ್ಟ್ ಮೇಜಿನ (ಗಾಳಿಯನ್ನು ಕೆಳಕ್ಕೆ ಎಳೆಯುವ ಶವಪರೀಕ್ಷಾ ಮೇಜು) ಎಕ್ಸಾಸ್ಟಿಗೆ ಸ್ವಿಚ್ ಕೊಡಬೇಡಿ. ಅದು ಕೋಣೆಯ ಒಟ್ಟು ಎಕ್ಸಾಸ್ಟಿನ ಪಾಲು. ಶಬ್ದ ಜಾಸ್ತಿ ಎಂದು ಯಾರೋ ಆಫ್ ಮಾಡಿದರೆ ಲೆಕ್ಕವೆಲ್ಲ ಏರುಪೇರು.

ಹೆಪಾ ಫಿಲ್ಟರನ್ನು ಕೂರಿಸಿದ ಜಾಗದಲ್ಲೇ ಪಿಎಒ ಏರೋಸಾಲ್ (ಎಣ್ಣೆಯ ಸೂಕ್ಷ್ಮ ಮಂಜು) ಮತ್ತು ಅದನ್ನು ಅಳೆಯುವ ಫೋಟೋಮೀಟರಿನಿಂದ ಸ್ಕ್ಯಾನ್ ಮಾಡಬೇಕು, ಸೋರಿಕೆಯ ಮಿತಿ 0.01%. ಸೋರಿಕೆ ಹೆಚ್ಚಾಗಿ ಸಿಗುವುದು ಫಿಲ್ಟರ್ ಕಾಗದದಲ್ಲಲ್ಲ, ಗ್ಯಾಸ್ಕೆಟ್ ಅಂಚಿನಲ್ಲಿ. ಹೌಸಿಂಗ್ ಆರ್ಡರ್ ಮಾಡುವಾಗಲೇ ಏರೋಸಾಲ್ ಬಿಡುವ ಪೋರ್ಟು, ಫಿಲ್ಟರಿನ ಮುಂಚಿನ ಸ್ಯಾಂಪಲ್ ಪೋರ್ಟು ಬರೆಸಿಕೊಳ್ಳಿ, ಇಲ್ಲದಿದ್ದರೆ ಪರೀಕ್ಷೆ ಮಾಡುವ ದಾರಿಯೇ ಇರುವುದಿಲ್ಲ.

ಡ್ರೈನಿನ ಬಗ್ಗೆ ಎರಡು ಮಾತು. −37.5 ಪಾಸ್ಕಲ್ ಟ್ರ್ಯಾಪಿನ (ಗಾಳಿ ತಡೆಯಲು ನೀರು ನಿಲ್ಲುವ ಬಾಗಿದ ಕೊಳವೆ) ನೀರನ್ನು 4 ಮಿಲಿಮೀಟರಿನಷ್ಟೂ ಎಳೆಯದು. ತೊಂದರೆ ಕೊಡುವುದು ಬಳಸದೆ ಒಣಗಿದ ಟ್ರ್ಯಾಪ್. ಕೊಬ್ಬು, ಮೂಳೆಚೂರು ಹಿಡಿಯುವ ಜಾಲರಿಯನ್ನು ತ್ಯಾಜ್ಯನೀರು ಕುದಿಸುವ ಟ್ಯಾಂಕಿಗೂ ಮೊದಲು, ಮೇಜಿನಲ್ಲೇ ಇಡಿಸಿ. ಫಾರ್ಮಲಿನ್ ಆ ಟ್ಯಾಂಕಿಗೆ ಹೋಗಲೇಬಾರದು. ಅದನ್ನು ಬೇರೆ ಕ್ಯಾನಿನಲ್ಲಿ ಹಿಡಿದು ರಾಸಾಯನಿಕ ತ್ಯಾಜ್ಯಕ್ಕೆ ಕಳಿಸಬೇಕು.

ಈ ಪರೀಕ್ಷೆಗಳು ವರ್ಷಕ್ಕೊಮ್ಮೆ, ಪೂರ್ತಿಯಾಗಿ. ನಡುವೆ ಯಾರಾದರೂ ಸಿಸಿಟಿವಿ ಕೇಬಲಿಗೆಂದು ಗೋಡೆ ಕೊರೆದರೆ, ಪೈಪಿನ ಹೊರಸುತ್ತು ಮಾತ್ರವಲ್ಲ, ಕಂಡ್ಯೂಟಿನ ಒಳಗೂ ಸೀಲ್ ಮಾಡಿಸಿ ಮತ್ತೆ ಹೊಗೆ ಬಿಟ್ಟು ನೋಡಬೇಕು. ಕಂಟ್ರೋಲರ್ ಸಾಫ್ಟ್‌ವೇರ್ ಬದಲಾದರೆ ಫ್ಯಾನ್ ಬೀಳಿಸುವ ಪರೀಕ್ಷೆ ಮೊದಲಿನಿಂದ.