ಕೆಂಚ ಊಟ ಬಿಟ್ಟಾಗ

ಬೆಕ್ಕು ಬಡವಾಗುವುದು ಕಣ್ಣಿಗೆ ಬೇಗ ಕಾಣುವುದಿಲ್ಲ. ಮೈಮೇಲಿನ ರೋಮ ಎಲ್ಲವನ್ನೂ ಮುಚ್ಚಿಬಿಡುತ್ತದೆ. ನಮ್ಮ ಕೆಂಚನ ವಿಷಯದಲ್ಲಿ ಅದು ಮೊದಲು ತಿಳಿದಿದ್ದು ಕೈಗೆ. ಬೆನ್ನು ಸವರುವಾಗ ಬೆನ್ನುಮೂಳೆಯ ಗಂಟುಗಳು ಒಂದೊಂದಾಗಿ ಬೆರಳಿಗೆ ಸಿಕ್ಕವು.

ಕೆಂಚನಿಗೆ ಆಗ ಒಂದು ವರ್ಷ ಎರಡು ತಿಂಗಳು. ಕೆಂಪು ಬಣ್ಣದ ಗಂಡು. ತೀರ್ಥಹಳ್ಳಿ ಪೇಟೆಯಲ್ಲಿ ಹತ್ತಾರು ಬೆಕ್ಕು ಸಾಕಿರುವ ಪರಿಚಯದವರ ಮನೆಯಿಂದ ತಂದ ಮರಿ. ಮೀನಿನವನ ಹಾರನ್ ಕೇಳಿದರೆ ಗೇಟಿನ ಹತ್ತಿರ ನಮಗಿಂತ ಮುಂಚೆ ನಿಂತಿರುತ್ತಿದ್ದ. ಪ್ರತಿ ವರ್ಷ ಜೂನ್, ಜುಲೈನಲ್ಲಿ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುತ್ತದಲ್ಲ, ಆಗ ನಮ್ಮ ಕಡೆ ಮೀನು ಬರುವುದು ಕಡಿಮೆ. ಆಗಸ್ಟ್‌ನಲ್ಲಿ ಮತ್ತೆ ಬಂಗುಡೆ ಬಂತು. ಕೆಂಚ ತಟ್ಟೆಯ ಹತ್ತಿರ ಬಂದ, ಮೂಸಿದ, ತುಟಿ ನೆಕ್ಕಿಕೊಂಡ, ಮುಖ ತಿರುಗಿಸಿಕೊಂಡು ಹೋದ.

"ಸುಮ್ನಿರು ಮಾರಾಯ್ತಿ, ಮಳೆಗಾಲದಲ್ಲಿ ಬೆಕ್ಕು ಹಂಗೇ. ಹೊರಗೆ ಇಲಿ ತಿಂದಿರುತ್ತೆ" ಎಂದರು ಅತ್ತೆ. ಅವರ ಮಾತಿನಲ್ಲೂ ಅರ್ಥವಿತ್ತು. ಹೊರಗೆ ಓಡಾಡುವ ಬೆಕ್ಕು ಎಲ್ಲಿ ಏನು ತಿಂದಿದೆ ಎಂದು ಯಾರಿಗೆ ಗೊತ್ತು? ಆದರೆ ಇಲಿ ತಿಂದವನ ಬೆನ್ನುಮೂಳೆ ಕೈಗೆ ಸಿಗುವುದಿಲ್ಲ. ಅಡಿಕೆ ತೂಗುವ ಯಂತ್ರದಲ್ಲಿ ಸಣ್ಣ ವ್ಯತ್ಯಾಸ ಗೊತ್ತಾಗುವುದಿಲ್ಲ. ಹಾಗಾಗಿ ಅಡುಗೆಮನೆಯ ತಕ್ಕಡಿ ಮೇಲೆ ಬುಟ್ಟಿ ಇಟ್ಟು ಕೂರಿಸಿದೆ. 2.9 ಕಿಲೋ. ಮೇ ತಿಂಗಳಲ್ಲಿ ಸಂತಾನಹರಣ ಆಪರೇಷನ್ ಮಾಡಿಸಿದಾಗ ಚೀಟಿಯಲ್ಲಿ ಬರೆದಿದ್ದು 3.6. ಏಳುನೂರು ಗ್ರಾಂ ಕೇಳಲು ಸಣ್ಣದು. ಅರವತ್ತು ಕಿಲೋ ಇರುವ ಮನುಷ್ಯ ಮೂರು ತಿಂಗಳಲ್ಲಿ ಸುಮಾರು ಹನ್ನೆರಡು ಕಿಲೋ ಇಳಿದರೆ ಮನೆಯವರು ಸುಮ್ಮನೆ ಕೂರುತ್ತಾರಾ?

ಹತ್ತಿರದಲ್ಲೇ ಒಬ್ಬರಿಗೆ ತೋರಿಸಿದೆವು. ಜಂತುಹುಳು ಇರಬಹುದು ಎಂದು ಔಷಧಿ ಕೊಟ್ಟರು. ಮೈ ಬಿಸಿ ಇದ್ದುದರಿಂದ ಆಂಟಿಬಯಾಟಿಕ್ ಕೂಡ ಶುರುವಾಯಿತು. ಎಳೆ ಬೆಕ್ಕಿಗೆ ಮೊದಲು ಜಂತುಹುಳುವಿನ ಅನುಮಾನ ಬರುವುದು ಸರಿಯೇ. ಆದರೆ ಔಷಧಿ ಹೊಟ್ಟೆಗೆ ಹೋದರೂ ಜ್ವರ ಬಿಡಲಿಲ್ಲ, ಊಟ ಸೇರಲಿಲ್ಲ. ಶಿವಮೊಗ್ಗಕ್ಕೆ ಹೊರಟೆವು.

ಅಲ್ಲಿನ ಡಾಕ್ಟರ್ ಮೇಡಂ ಕೇಳಿದ ಮೊದಲ ಪ್ರಶ್ನೆ ನನಗೆ ತುಂಬಾ ಉಪಯೋಗವಾಯಿತು. "ಇವನಿಗೆ ಹಸಿವೇ ಇಲ್ವಾ, ಅಥವಾ ಹಸಿವಿದ್ದೂ ತಿನ್ನೋಕೆ ಆಗ್ತಿಲ್ವಾ?" ಎರಡಕ್ಕೂ ಬಹಳ ವ್ಯತ್ಯಾಸವಿದೆ. ಬಾಯಿ ನೋಯುವ ಬೆಕ್ಕು ಆಸೆಯಿಂದ ತಟ್ಟೆಗೆ ಬರುತ್ತದೆ, ಒಂದು ತುಂಡು ಕಚ್ಚುತ್ತದೆ, ಕೆಳಗೆ ಬೀಳಿಸುತ್ತದೆ, ತಲೆ ಒಂದು ಕಡೆ ವಾಲಿಸಿ ಅಗಿಯುತ್ತದೆ. ವಾಕರಿಕೆ ಇರುವ ಬೆಕ್ಕು ಮೂಸುತ್ತದೆ, ತುಟಿ ನೆಕ್ಕಿ ಎಂಜಲು ನುಂಗುತ್ತದೆ, ದೂರ ಹೋಗುತ್ತದೆ. ಮೂಗು ಕಟ್ಟಿದ ಬೆಕ್ಕಿಗೆ ವಾಸನೆಯೇ ಸಿಗದೆ ಊಟ ಬೇಡವಾಗುತ್ತದೆ. ಮಗಳು ಮೊಬೈಲಿನಲ್ಲಿ ಕೆಂಚನ ಊಟದ ಹೊತ್ತಿನ ವಿಡಿಯೋ ಮಾಡಿಟ್ಟಿದ್ದಳು. ಆಸ್ಪತ್ರೆಯ ಮೇಜಿನ ಮೇಲೆ ಹೆದರಿ ಮುದ್ದೆಯಾಗಿ ಕೂತ ಬೆಕ್ಕಿಗಿಂತ ಆ ವಿಡಿಯೋ ಜಾಸ್ತಿ ಹೇಳಿತು.

ಮೇಡಂ ಬಾಯಿ ತೆರೆಸಿ ಹಲ್ಲು, ಒಸಡು ನೋಡಿದರು. ಕೆಳಗಿನಿಂದ ಹೆಬ್ಬೆರಳು ಒತ್ತಿ ನಾಲಿಗೆ ಎತ್ತಿಸಿ ಅದರ ಬುಡವನ್ನೂ ನೋಡಿದರು. ಎಳೆ ಬೆಕ್ಕುಗಳು ದಾರದ ಜೊತೆ ಆಡುತ್ತಾ ನುಂಗಿಬಿಡುತ್ತವೆ. ದಾರದ ಒಂದು ತುದಿ ನಾಲಿಗೆಯ ಬುಡಕ್ಕೆ ಸುತ್ತಿಕೊಂಡು ಇನ್ನೊಂದು ತುದಿ ಕರುಳಿಗೆ ಇಳಿದಿರುತ್ತದಂತೆ. ಅಂಥ ದಾರ ಕಂಡರೆ ಎಳೆಯಲೇಬಾರದು, ಕರುಳು ಕತ್ತರಿಸಿಹೋಗುತ್ತದೆ. ಹೂ ಕಟ್ಟುವ ದಾರ, ಹೊಲಿಗೆ ದಾರ ಇರುವ ಮನೆಯವರೆಲ್ಲ ಇದನ್ನು ತಿಳಿದಿರಬೇಕು. ಕೆಂಚನ ಬಾಯಲ್ಲಿ ಏನೂ ಇರಲಿಲ್ಲ. ಜ್ವರ ಮಾತ್ರ 104 ಡಿಗ್ರಿ. ಬೆಕ್ಕಿಗೆ ಸಹಜವಾಗಿ ಇರುವುದೇ ಸುಮಾರು 100.5ರಿಂದ 102.5 ಫ್ಯಾರನ್‌ಹೀಟ್, ಆದ್ದರಿಂದ ನಮ್ಮ ಲೆಕ್ಕದಲ್ಲಿ ನೋಡಬಾರದು.

ಮಲ ಪರೀಕ್ಷೆಯಲ್ಲಿ ಜಂತು ಇಲ್ಲ. ಬೆಕ್ಕಿನ ಲ್ಯುಕೇಮಿಯಾ ವೈರಸ್, ಬೆಕ್ಕಿನ ಏಡ್ಸ್ ಎನ್ನುವ ಎಫ್‌ಐವಿ, ಎರಡೂ ಇಲ್ಲ. ಕಿಡ್ನಿ ಚೆನ್ನಾಗಿದೆ. ಪ್ರತಿಯೊಂದು "ಇಲ್ಲ" ಕೇಳಿದಾಗಲೂ ಖುಷಿಪಡಬೇಕೋ ಹೆದರಬೇಕೋ ತಿಳಿಯುತ್ತಿರಲಿಲ್ಲ. ಕಾರಣ ಸಿಗದೆ ಕರಗುತ್ತಿರುವ ಪ್ರಾಣಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂರುವುದು ಬಹಳ ಕಷ್ಟ.

ಕಾರಣ ಹುಡುಕುವಷ್ಟು ದಿನವೂ ಹೊಟ್ಟೆಗೆ ಏನಾದರೂ ಹೋಗಲೇಬೇಕು. ನಾನು ಇದನ್ನು ಬರೆಯಲು ಕೂತಿದ್ದೇ ಈ ಮಾತಿಗಾಗಿ. ನಾಯಿ ಒಂದೆರಡು ದಿನ ಉಪವಾಸ ಇದ್ದರೂ ತಡೆದುಕೊಳ್ಳಬಹುದು. ಬೆಕ್ಕಿನ ಶರೀರ ಹಾಗಲ್ಲ. ಊಟ ನಿಂತರೆ ಮೈಯಲ್ಲಿರುವ ಕೊಬ್ಬು ಕರಗಿ ಲಿವರ್‌ಗೆ ಬಂದು ತುಂಬಿಕೊಳ್ಳುತ್ತದೆ. ಕೆಲವೇ ದಿನಗಳಲ್ಲಿ ಲಿವರ್ ಕೆಡಬಹುದು. ದಪ್ಪಗಿರುವ ಬೆಕ್ಕಿಗೆ ಅಪಾಯ ಇನ್ನೂ ಜಾಸ್ತಿ. ಒಂದು ದಿನ ಪೂರ್ತಿ ಏನೂ ತಿನ್ನದಿದ್ದರೆ ಡಾಕ್ಟರಿಗೆ ಫೋನ್ ಮಾಡಿ. "ಹಸಿವಾದರೆ ತಾನೇ ತಿನ್ನುತ್ತೆ" ಎನ್ನುವುದು ಬೆಕ್ಕಿನ ವಿಷಯದಲ್ಲಿ ನಂಬುವ ಮಾತಲ್ಲ.

ಕೆಂಚನಿಗೆ ಮೊದಲು ವಾಂತಿ, ವಾಕರಿಕೆ ನಿಲ್ಲುವ ಇಂಜೆಕ್ಷನ್ ಕೊಟ್ಟರು. ಆಮೇಲೆ ಹಸಿವಿನ ಮಾತ್ರೆ. ವಾಕರಿಕೆ ಇರುವಾಗ ಬಲವಂತವಾಗಿ ತಿನ್ನಿಸಿದರೆ ಆ ತಿಂಡಿಯನ್ನು ಕಂಡರೇ ಆಗದ ಹಾಗಾಗುತ್ತದಂತೆ. ಮನೆಯಲ್ಲಿ ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಏನೂ ಹಾಕದೆ ಕೋಳಿ ಬೇಯಿಸಿ, ಅದೇ ನೀರಿನಲ್ಲಿ ನುಣ್ಣಗೆ ರುಬ್ಬಿ, ಉಗುರುಬೆಚ್ಚಗೆ ಮಾಡಿ ಕೊಡುತ್ತಿದ್ದೆ. ಬೆಚ್ಚಗಿದ್ದರೆ ವಾಸನೆ ಏಳುತ್ತದೆ, ಬೆಕ್ಕಿಗೆ ಬೇಕಾಗಿರುವುದು ಅದೇ. ತಿನ್ನದಿದ್ದ ಹೊತ್ತಿನಲ್ಲಿ ಸಿರಿಂಜ್. ಬಾಯಿಯ ಪಕ್ಕದಿಂದ, ಕೆನ್ನೆ ಮತ್ತು ಹಲ್ಲಿನ ನಡುವೆ, ಒಂದೊಂದು ಮಿಲಿ. ತಲೆ ಮೇಲಕ್ಕೆ ಎತ್ತಿಸಬಾರದು, ಶ್ವಾಸಕೋಶಕ್ಕೆ ಹೋಗುತ್ತದೆ. ಅವನು ನುಂಗುವವರೆಗೆ ಕಾಯಬೇಕು. ಅತ್ತೆ ಹಳೇ ಟವೆಲ್ಲಿನಲ್ಲಿ ಸುತ್ತಿ ಹಿಡಿದುಕೊಳ್ಳುತ್ತಿದ್ದರು. ಮಳೆಗಾಲ ಎಂದು ಸುಮ್ಮನಿರಲು ಹೇಳಿದ್ದ ಅತ್ತೆಯೇ ರಾತ್ರಿ ಎದ್ದು "ಏನಾದ್ರೂ ನೆಕ್ಕಿದ್ನಾ?" ಎಂದು ಕೇಳುತ್ತಿದ್ದರು.

ಪಕ್ಕದ ಮನೆಯ ಅಕ್ಕ ಪ್ರೀತಿಯಿಂದಲೇ, ಜ್ವರಕ್ಕೆ ಮಕ್ಕಳ ಪ್ಯಾರಾಸಿಟಮಾಲ್ ಸಿರಪ್ ನಾಲ್ಕು ಹನಿ ಹಾಕಿ ನೋಡು ಎಂದರು. ದಯವಿಟ್ಟು ಹಾಕಬೇಡಿ. ಬೆಕ್ಕಿನ ಲಿವರ್‌ಗೆ ಆ ಔಷಧಿಯನ್ನು ಅರಗಿಸಿ ಹೊರಹಾಕುವ ಶಕ್ತಿ ಇಲ್ಲ. ಸಣ್ಣ ಪ್ರಮಾಣವೂ ಜೀವ ತೆಗೆಯಬಹುದು.

ಕೊನೆಗೆ ಸುಳಿವು ಸಿಕ್ಕಿದ್ದು ರಕ್ತದ ವರದಿಯ ಎರಡು ಸಾಲಿನಲ್ಲಿ. ರಕ್ತದಲ್ಲಿರುವ ಪ್ರೋಟೀನ್‌ಗಳಾದ ಆಲ್ಬುಮಿನ್ ಕಡಿಮೆ, ಗ್ಲಾಬ್ಯುಲಿನ್ ಜಾಸ್ತಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 0.35. ಅದು 0.4ಕ್ಕಿಂತ ಕೆಳಗಿದ್ದರೆ ಎಫ್‌ಐಪಿ (ಫೀಲೈನ್ ಇನ್ಫೆಕ್ಷಿಯಸ್ ಪೆರಿಟೊನೈಟಿಸ್) ಎಂಬ ಬೆಕ್ಕಿನ ರೋಗದ ಅನುಮಾನ ಬಲವಾಗುತ್ತದೆ, 0.8ಕ್ಕಿಂತ ಮೇಲಿದ್ದರೆ ಆ ಸಾಧ್ಯತೆ ಕಡಿಮೆ ಎಂದು ಮೇಡಂ ಕಾಗದದ ಮೇಲೆ ಬರೆದು ತೋರಿಸಿದರು. ಸ್ಕ್ಯಾನಿಂಗ್‌ನಲ್ಲಿ ಹೊಟ್ಟೆಯಲ್ಲಿ ನೀರು ಇರಲಿಲ್ಲ, ಕರುಳಿನ ಪಕ್ಕದ ಗ್ರಂಥಿಗಳು ಊದಿಕೊಂಡಿದ್ದವು. ಈ ರೋಗದಲ್ಲಿ ನೀರು ತುಂಬುವ ಬಗೆ ಒಂದು, ತುಂಬದ ಒಣ ಬಗೆ ಇನ್ನೊಂದು. ಒಣ ಬಗೆಯನ್ನು ಹಿಡಿಯುವುದೇ ಕಷ್ಟ. ಬೆಕ್ಕು ಸುಮ್ಮನೆ ಇಳಿಯುತ್ತಾ ಹೋಗುತ್ತದೆ.

ಇದರ ಮೂಲ ಬೆಕ್ಕಿನ ಕೊರೊನಾ ವೈರಸ್. ಕೋವಿಡ್‌ನದು ಬೇರೆ, ಇದು ಬೇರೆ. ಮನುಷ್ಯರಿಗೆ ಬರುವುದಿಲ್ಲ. ಬಹಳಷ್ಟು ಬೆಕ್ಕು ಒಟ್ಟಿಗಿರುವ ಕಡೆ ಈ ವೈರಸ್ ಸಾಮಾನ್ಯ. ಹೆಚ್ಚಿನವಕ್ಕೆ ಸ್ವಲ್ಪ ಭೇದಿಯಾಗಿ ಮುಗಿಯುತ್ತದೆ. ಕೆಲವೇ ಬೆಕ್ಕುಗಳ ಮೈಯೊಳಗೆ ಅದು ರೂಪ ಬದಲಿಸಿ ಎಫ್‌ಐಪಿ ಆಗುತ್ತದೆ, ಅದೂ ಹೆಚ್ಚಾಗಿ ಎರಡು ವರ್ಷದೊಳಗಿನ ಎಳೆಯವಕ್ಕೆ. ಹಾಗಾಗಿ ಕೊರೊನಾ ಆಂಟಿಬಾಡಿ ಪರೀಕ್ಷೆ ಒಂದನ್ನೇ ನೋಡಿ ತೀರ್ಮಾನ ಮಾಡಲು ಆಗುವುದಿಲ್ಲ. ಆರೋಗ್ಯವಾಗಿರುವ ಬೆಕ್ಕಿನಲ್ಲೂ ಅದು ಪಾಸಿಟಿವ್ ಬರಬಹುದು.

ಕೆಲವು ವರ್ಷ ಹಿಂದೆ ಈ ಹೆಸರು ಕೇಳಿದರೆ ಆಸೆ ಬಿಡುವುದೊಂದೇ ಉಳಿದಿರುತ್ತಿತ್ತು. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್‌ನಲ್ಲಿ ನೀಲ್ಸ್ ಪೆಡರ್ಸನ್ ಎಂಬ ಪಶುವೈದ್ಯ ವಿಜ್ಞಾನಿ ಜೀವನದ ಬಹುಪಾಲು ಈ ರೋಗದ ಹಿಂದೆಯೇ ಬಿದ್ದಿದ್ದರು. 2019ರಲ್ಲಿ ಅವರ ತಂಡ ಜಿಎಸ್-441524 ಎಂಬ ಔಷಧಿಯ ಫಲಿತಾಂಶ ಪ್ರಕಟಿಸಿತು. ತಾನಾಗಿ ಎಫ್‌ಐಪಿ ಬಂದಿದ್ದ 31 ಬೆಕ್ಕುಗಳಲ್ಲಿ 25 ಉಳಿದುಕೊಂಡಿದ್ದವು. ಕೋವಿಡ್ ಕಾಲದಲ್ಲಿ ನಾವೆಲ್ಲ ಹೆಸರು ಕೇಳಿದ ರೆಮ್ಡಿಸಿವಿರ್ ಇದರ ಹತ್ತಿರದ ಸಂಬಂಧಿ. ಅದು ಮೈಯೊಳಗೆ ಹೋದಾಗ ಬದಲಾಗಿ ಸಿಗುವುದೇ ಈ ವಸ್ತು.

ಕೆಂಚನಿಗೆ ಮೇಡಂ ಹೇಳಿದಂತೆ 84 ದಿನದ ಚಿಕಿತ್ಸೆ ಶುರುವಾಯಿತು. ದಿನವೂ ಒಂದೇ ಹೊತ್ತಿಗೆ ಮಾತ್ರೆ. ಔಷಧಿಯ ಲೆಕ್ಕ ತೂಕದ ಮೇಲೆ. ಬೆಕ್ಕು ಮೈ ತುಂಬಿಕೊಂಡ ಹಾಗೆ ಅದನ್ನೂ ಏರಿಸಬೇಕು, ಇಲ್ಲದಿದ್ದರೆ ಕಡಿಮೆ ಬೀಳುತ್ತದೆ. ಅದಕ್ಕೇ ಪ್ರತಿ ಸೋಮವಾರ ತೂಗಿ ಕ್ಯಾಲೆಂಡರಿನಲ್ಲಿ ಬರೆದು ಮೇಡಂಗೆ ಕಳಿಸುತ್ತಿದ್ದೆ. ಖರ್ಚು ಕಡಿಮೆಯಲ್ಲ. ಆ ಸಲ ಅಡಿಕೆ ಕೊಯ್ಲಿನ ದುಡ್ಡು ಬರುವ ಮೊದಲೇ ಸ್ವಲ್ಪ ಸಾಲ ಆಯಿತು. ಮನೆಯಲ್ಲಿ ಯಾರೂ ಅದರ ಬಗ್ಗೆ ಒಂದು ಮಾತು ಆಡಲಿಲ್ಲ, ನನಗೆ ಅದು ದೊಡ್ಡ ವಿಷಯ.

ಜ್ವರ ಮೊದಲ ವಾರದಲ್ಲೇ ಇಳಿಯಿತು. ಆಮೇಲೆ ಒಂದು ಬೆಳಿಗ್ಗೆ ನಾನು ಕೋಳಿ ರುಬ್ಬುತ್ತಿದ್ದಾಗ ಮಿಕ್ಸಿ ಸದ್ದಿಗೆ ಎದ್ದು ಬಂದು ಕಾಲಿಗೆ ತಲೆ ಒರೆಸಿದ. ಅವತ್ತು ಅತ್ತೆ ದೇವರಿಗೆ ತುಪ್ಪದ ದೀಪ ಹಚ್ಚಿದರು. ತೂಕ 3.1 ಆಯಿತು, 3.5 ಆಯಿತು, ಮಾತ್ರೆ ಮುಗಿಯುವ ಹೊತ್ತಿಗೆ 4.2.

ಮಾತ್ರೆ ನಿಲ್ಲಿಸಿದ ಮೇಲೂ ಅಷ್ಟೇ ದಿನ ಕಾದು ನೋಡಬೇಕು, ಕೆಲವು ಬೆಕ್ಕುಗಳಿಗೆ ಮರುಕಳಿಸುತ್ತದೆ. ಆ ಅವಧಿಯೂ ಮುಗಿಯಿತು. ಕೊನೆಯ ರಕ್ತ ಪರೀಕ್ಷೆಯಲ್ಲಿ ಆ 0.35 ಎಂಬ ಅಂಕಿ 0.9ಕ್ಕೆ ಬಂದಿತ್ತು. ನಿಮ್ಮ ಮನೆಯ ಎಳೆ ಬೆಕ್ಕಿಗೆ ಆಂಟಿಬಯಾಟಿಕ್‌ಗೆ ಬಗ್ಗದ ಜ್ವರ ಇದ್ದು, ತೂಕವೂ ಇಳಿಯುತ್ತಿದ್ದರೆ ಡಾಕ್ಟರ ಹತ್ತಿರ ಆಲ್ಬುಮಿನ್, ಗ್ಲಾಬ್ಯುಲಿನ್ ಎಷ್ಟಿದೆ ಎಂದು ಕೇಳಿ. ಹಳೇ ಚೀಟಿಯಲ್ಲಿ ತೂಕ ಬರೆದಿದ್ದರೆ ಅದನ್ನೂ ಜೊತೆಗೆ ಒಯ್ಯಿರಿ.