ಸ್ವಂತ ಡೊಮೇನ್‌ನ ಇಮೇಲ್: ಡಿಕಿಮ್, ಡಿಮಾರ್ಕ್ ತನಕ ಬಂದ ಕೆಲಸ

ನನ್ನ ಡೊಮೇನ್‌ನಿಂದ ಹೋಗುವ ಇಮೇಲ್ ನಕಲಿಯಲ್ಲವೆಂದು ಸ್ವೀಕರಿಸುವ ಸರ್ವರ್‌ಗಳಿಗೆ ತೋರಿಸುವ ಏರ್ಪಾಡು ಮಾಡುತ್ತಿದ್ದೇನೆ. ಹಿಂದಿನ ಟಿಪ್ಪಣಿಯ ಹೊತ್ತಿಗೆ ಅದರ ಮೊದಲ ಭಾಗವಾದ ಎಸ್‌ಪಿಎಫ್ ರೆಕಾರ್ಡ್ ಮುಗಿಯಿತೆಂದುಕೊಂಡಿದ್ದೆ, ಆದರೆ ಮುಗಿದಿರಲಿಲ್ಲ. ನನ್ನ ಡೊಮೇನ್ ಹೆಸರಿನಲ್ಲಿ ಯಾವ ಸರ್ವರ್‌ಗಳು ಮೇಲ್ ಕಳಿಸಬಹುದೆಂದು ಸಾರುವ ಆ ಒಂದು ಸಾಲಿನ ಜೊತೆಗೆ, ಹಳೆಯ ಹೋಸ್ಟಿಂಗ್ ಕಾಲದ ಇನ್ನೊಂದು ಎಸ್‌ಪಿಎಫ್ ಸಾಲು ಡೊಮೇನ್‌ನ ವಿವರಗಳನ್ನು ಎಲ್ಲರಿಗೂ ಕಾಣುವಂತೆ ಇಡುವ ಡಿಎನ್‌ಎಸ್‌ನಲ್ಲಿ ಹಾಗೆಯೇ ಉಳಿದಿತ್ತು. ಒಂದೇ ಹೆಸರಿಗೆ ಎರಡು ಎಸ್‌ಪಿಎಫ್ ರೆಕಾರ್ಡ್‌ಗಳಿದ್ದರೆ ಸ್ವೀಕರಿಸುವ ಸರ್ವರ್ ಅವುಗಳನ್ನು ಕೂಡಿಸಿ ಓದುವುದಿಲ್ಲ, ಎರಡನ್ನೂ ದೋಷವೆಂದು ತಳ್ಳಿಹಾಕುತ್ತದೆ. ಹಳೆಯದನ್ನು ಅಳಿಸಿದೆ. ಒಂದು ಎಸ್‌ಪಿಎಫ್ ಪರೀಕ್ಷೆಗೆ ಬೇಕಾಗುವ ಡಿಎನ್‌ಎಸ್ ಲುಕಪ್‌ಗಳಿಗೆ (ಹುಡುಕಾಟಗಳಿಗೆ) 10ರ ಮಿತಿಯಿದೆ. ನನ್ನದು 4ಕ್ಕೆ ನಿಂತಿದೆ.

ಹೋಗುವ ಮೇಲ್‌ಗೆ ಡಿಜಿಟಲ್ ಸಹಿ ಹಾಕುವ ಡಿಕಿಮ್ ಎರಡು ಸಂಜೆಗಳನ್ನು ತಿಂದಿತು. ಆ ಸಹಿಯನ್ನು ಪರೀಕ್ಷಿಸಲು ಡಿಎನ್‌ಎಸ್‌ನಲ್ಲಿ ಇಡುವ 2048 ಬಿಟ್‌ನ ಆರ್‌ಎಸ್‌ಎ ಪಬ್ಲಿಕ್ ಕೀ ಸುಮಾರು 390 ಅಕ್ಷರಗಳಷ್ಟು ಉದ್ದವಿರುತ್ತದೆ; ಡಿಎನ್‌ಎಸ್‌ನ ಪಠ್ಯ ನಮೂದಾದ ಟಿಎಕ್ಸ್‌ಟಿ ರೆಕಾರ್ಡ್‌ನ ಒಂದು ತುಂಡಿನಲ್ಲಿ 255ಕ್ಕಿಂತ ಹೆಚ್ಚು ಹಿಡಿಯದ ಕಾರಣ, ಅದನ್ನು ಎರಡು ತುಂಡು ಮಾಡಿ ಪ್ರತ್ಯೇಕ ಉದ್ಧರಣ ಚಿಹ್ನೆಗಳೊಳಗೆ ಹಾಕಬೇಕಾಯಿತು. ಅಷ್ಟಾದರೂ ಡಿಎನ್‌ಎಸ್‌ನಲ್ಲಿ ರೆಕಾರ್ಡ್ ಹುಡುಕುವ ಡಿಗ್ ಆಜ್ಞೆ ಬರಿಗೈಯಲ್ಲಿ ಮರಳುತ್ತಿತ್ತು. ಕೀಯನ್ನೇ ಅನುಮಾನಿಸಿ ಮೂರು ಸಲ ಹೊಸದು ಮಾಡಿದ ಮೇಲೆ ತಿಳಿದದ್ದೇನೆಂದರೆ, ಹೆಸರಿನ ಜಾಗದಲ್ಲಿ ನಾನು ಸೆಲೆಕ್ಟರ್‌ನಿಂದ (ಕೀಯನ್ನು ಗುರುತಿಸುವ ಹೆಸರಿನಿಂದ) ಡೊಮೇನ್‌ವರೆಗೆ ಪೂರ್ತಿ ಬರೆದಿದ್ದೆ, ನಿಯಂತ್ರಣ ಫಲಕ ಅದರ ಕೊನೆಗೆ ಡೊಮೇನನ್ನು ತಾನೂ ಅಂಟಿಸಿತ್ತು. ತಿದ್ದಿದ ತಕ್ಷಣವೂ ಉತ್ತರ ಬರಲಿಲ್ಲ, ಏಕೆಂದರೆ ಮೊದಲು ಸಿಕ್ಕ ‘ಇಲ್ಲ’ ಎಂಬ ಉತ್ತರವನ್ನೂ ರಿಸಾಲ್ವರ್ (ಡಿಎನ್‌ಎಸ್ ಉತ್ತರ ಹುಡುಕಿಕೊಡುವ ಸರ್ವರ್) ಸ್ವಲ್ಪ ಕಾಲ ನೆನಪಿಟ್ಟುಕೊಳ್ಳುತ್ತದೆ. ತಾಳ್ಮೆಗೆಟ್ಟು ಮತ್ತೆ ಮತ್ತೆ ತಿದ್ದದಿರುವುದೇ ಆ ಹೊತ್ತಿನ ಕಷ್ಟದ ಕೆಲಸ.

ಈ ಪರೀಕ್ಷೆಗಳಲ್ಲಿ ಸೋತ ಮೇಲನ್ನು ಏನು ಮಾಡಬೇಕೆಂದು ಹೇಳುವ ಡಿಮಾರ್ಕ್ ರೆಕಾರ್ಡನ್ನು ‘ನನ್’ ನೀತಿಯಲ್ಲಿ, ಅಂದರೆ ಯಾವ ಮೇಲನ್ನೂ ತಡೆಯದೆ ವರದಿ ಮಾತ್ರ ಕೇಳುವಂತೆ ಹಾಕಿದೆ. ಮರುದಿನ ಬಂದ ಜಿಪ್ ಕಡತ ಬಿಚ್ಚಿದಾಗ ಕಂಡ ಎಕ್ಸ್‌ಎಂಎಲ್ ವಿಚಿತ್ರವಾಗಿತ್ತು: ಒಂದು ಐಪಿ ವಿಳಾಸದ ಕೆಳಗೆ ಎಸ್‌ಪಿಎಫ್, ಡಿಕಿಮ್ ಎರಡೂ ‘ಪಾಸ್’, ಅದೇ ನಮೂದಿನ ನೀತಿ ಭಾಗದಲ್ಲಿ ಎರಡೂ ‘ಫೇಲ್’. ನನ್ನ ಜಾಲತಾಣದ ಸಂಪರ್ಕ ಫಾರ್ಮ್‌ನ ಮೇಲ್‌ಗಳನ್ನು ಸಾಗಿಸುವ ಹೊರಗಿನ ಸೇವೆಯ ಐಪಿ ಅದು. ಆ ಸೇವೆ ರಿಟರ್ನ್‌ ಪಾತ್‌ನಲ್ಲಿ, ಅಂದರೆ ಎಸ್‌ಪಿಎಫ್ ನೋಡುವ, ತಲುಪದ ಮೇಲ್ ಮರಳುವ ವಿಳಾಸದಲ್ಲಿ, ತನ್ನ ಡೊಮೇನ್ ಇಟ್ಟು, ತನ್ನದೇ ಕೀಯಿಂದ ಸಹಿ ಹಾಕುತ್ತಿತ್ತು. ಹಾಗಾಗಿ ಪರೀಕ್ಷೆಯಲ್ಲಿ ತೇರ್ಗಡೆಯಾದದ್ದು ಅದರ ಡೊಮೇನ್, ಓದುಗರಿಗೆ ‘ಫ್ರಮ್’ ಸಾಲಿನಲ್ಲಿ ಕಾಣುವ ನನ್ನ ಡೊಮೇನ್ ಅಲ್ಲ. ಡಿಮಾರ್ಕ್ ಕೇಳುವುದು ಇವೆರಡರ ಹೊಂದಾಣಿಕೆಯನ್ನೇ, ಮತ್ತು ಅನೇಕ ಮಾರ್ಗದರ್ಶಿಗಳು ಒಂದೇ ವಾಕ್ಯದಲ್ಲಿ ದಾಟಿಹೋಗುವುದೂ ಇದನ್ನೇ. ಆ ಸೇವೆಗೆಂದು ನನ್ನ ಡೊಮೇನ್‌ನಲ್ಲಿ ಎರಡನೆಯ ಸೆಲೆಕ್ಟರ್ ಸೇರಿಸಿದ ಮೇಲೆ ಡಿಕಿಮ್ ಹೊಂದಿಕೊಂಡಿತು. ಎಸ್‌ಪಿಎಫ್ ಈಗಲೂ ಹೊಂದುವುದಿಲ್ಲ, ಆದರೆ ಎರಡರಲ್ಲಿ ಒಂದು ಹೊಂದಿದರೆ ಸಾಕು.

ವರದಿಗಳಲ್ಲಿ ಈಗ ಉಳಿದಿರುವ ಎಸ್‌ಪಿಎಫ್ ವೈಫಲ್ಯಗಳು ಹೆಚ್ಚಾಗಿ ಫಾರ್ವರ್ಡ್ ಆದ ಮೇಲ್‌ಗಳವು. ಅವುಗಳಲ್ಲಿ ಡಿಕಿಮ್ ಸಹಿ ಕೆಡದೆ ತಲುಪಿದೆ. ಇನ್ನೆರಡು ವಾರ ವರದಿಗಳು ಹೀಗೆಯೇ ಬಂದರೆ ನೀತಿಯನ್ನು ‘ಕ್ವಾರಂಟೈನ್’ಗೆ, ಅಂದರೆ ಸೋತ ಮೇಲನ್ನು ಅನುಮಾನದಿಂದ ಬದಿಗಿಡುವ ಹಂತಕ್ಕೆ, ಏರಿಸುತ್ತೇನೆ.