ಏರನಾಡ್ ಹತ್ತಿ ಗೋಕುಲಂ ಮ್ಯಾಚಿಗೆ

2025ರ ಏಪ್ರಿಲ್ 6, ಆದಿತ್ಯವಾರ. ಅವತ್ತು ರಾಮನವಮಿ ಬೇರೆ. ಮನೆಯವರೆಲ್ಲ ಭಜನಾ ಮಂದಿರಕ್ಕೆ ಪಾನಕ ಮಾಡೋ ತಯಾರಿಯಲ್ಲಿದ್ರು, ನಾನೂ ಭಾವನೂ ಬೆಳಿಗ್ಗೆ ಕಾಸರಗೋಡು ಸ್ಟೇಷನಲ್ಲಿ ಏರನಾಡ್ ಎಕ್ಸ್‌ಪ್ರೆಸ್ ಹಿಡಿದೆವು. "ಇವತ್ತೇ ಹೋಗ್ಬೇಕಾ?" ಅಂತ ಅಮ್ಮ ಕೇಳಿದ್ರು. ಇವತ್ತೇ ಹೋಗ್ಬೇಕಿತ್ತು ಯಾಕಂದ್ರೆ ಐ-ಲೀಗಿನ, ಅಂದ್ರೆ ದೇಶದ ಎರಡನೇ ಹಂತದ ಫುಟ್‌ಬಾಲ್ ಲೀಗಿನ, ಕೊನೆ ರೌಂಡು, ಕಲ್ಲಿಕೋಟೆಯಲ್ಲಿ ಗೋಕುಲಂ ಕೇರಳಕ್ಕೂ ಗೋವಾದ ಡೆಂಪೋಗೂ ಮ್ಯಾಚು, ಕಪ್ಪಿಗೆ ಇನ್ನೂ ನಾಲ್ಕು ಟೀಮಿಗೆ ಚಾನ್ಸಿತ್ತು, ಅದರಲ್ಲಿ ನಮ್ಮ ಗೋಕುಲಮೂ ಒಂದು.

ನಮ್ಮ ಕಡೆ ಕನ್ನಡ ಮಾತಾಡುವ ಮನೆಗಳಲ್ಲಿ ಬೇಸಗೆ ಅಂದ್ರೆ ಯಕ್ಷಗಾನ, ಕೋಲ, ಅಂಡರ್‌ಆರ್ಮ್ ಕ್ರಿಕೆಟ್. ಫುಟ್‌ಬಾಲ್ ಅಂದ್ರೆ ಮೊಗ್ರಾಲ್, ಉಪ್ಪಳದವರದ್ದು, ಇಲ್ಲದಿದ್ರೆ ಚಂದ್ರಗಿರಿ ಹೊಳೆಯ ಆಚೆಯವರದ್ದು ಅಂತ ಒಂದು ಲೆಕ್ಕ. ಬೆಂಗಳೂರಲ್ಲಿರೋ ದೋಸ್ತಿಗಳು ಇಡೀ ಸೀಸನ್ ಕೇಳ್ತಾ ಇದ್ರು, ಅದೇ ಲೀಗಲ್ಲಿ ಎಸ್‌ಸಿ ಬೆಂಗಳೂರೂ ಉಂಟಲ್ಲ, ಕನ್ನಡದವನಾಗಿ ನೀನು ಗೋಕುಲಂ ಗೋಕುಲಂ ಅಂತ ಯಾಕೆ ಕುಣೀತೀ ಅಂತ. ನಂಗೆ ಇದರಲ್ಲಿ ಗೊಂದಲವೇ ಇಲ್ಲ. ಕುಂಬಳೆಯಿಂದ ಬೆಳಿಗ್ಗೆ ಹೊರಟು ಮ್ಯಾಚ್ ನೋಡಿ ಅದೇ ರಾತ್ರಿ ವಾಪಸ್ ಹೊರಡ್ಲಿಕ್ಕೆ ಆಗೋ ಟೀಮು ಇದೊಂದೇ. ಆಡುವ ಹುಡುಗರೂ ನಾವು ಸೆವೆನ್ಸ್ (ಏಳು ಜನರ ಫುಟ್‌ಬಾಲ್) ನೋಡಿ ಬೆಳೆದಂಥ ಊರುಗಳಿಂದಲೇ ಬಂದವರು.

ಟ್ರೈನಲ್ಲಿ ಕಿಟಕಿ ಸೀಟು ಸಿಕ್ಕಿತು. ಚಂದ್ರಗಿರಿ ದಾಟಿ, ಹೊಸದುರ್ಗ, ನೀಲೇಶ್ವರ, ಆಮೇಲೆ ತೇಜಸ್ವಿನಿ ಹೊಳೆ, ಚೆರುವತ್ತೂರು. ಅದು ದಾಟಿದ್ರೆ ತೃಕರಿಪುರ. ಫುಟ್‌ಬಾಲ್ ಹುಚ್ಚಿರೋರು ಈ ಊರು ಬಂದಾಗ ಒಂದ್ಸಲ ಹೊರಗೆ ನೋಡ್ಬೇಕು. ಮೊಹಮ್ಮದ್ ರಾಫಿ ಇಲ್ಲಿಯವರು, 2016ರ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್‌ನಲ್ಲಿ ಕೊಚ್ಚಿಯಲ್ಲಿ ಕೇರಳ ಬ್ಲಾಸ್ಟರ್ಸ್ ಪರವಾಗಿ ಹೆಡ್ಡರಲ್ಲಿ ಗೋಲು ಹೊಡೆದವರು. ನಮ್ಮ ಜಿಲ್ಲೆಯವರೇ. ಕುಂಬಳೆ, ಬದಿಯಡ್ಕದ ಕಡೆ ಎಷ್ಟು ಮಂದಿಗೆ ಇದು ಗೊತ್ತುಂಟು?

ಸೆವೆನ್ಸ್ ನೋಡದವರಿಗೆ ಹೇಳ್ಬೇಕಾದ್ರೆ, ಒಂದೊಂದು ಕಡೆ ಏಳೇ ಜನ, ಕೊಯ್ಲು ಮುಗಿದ ಗದ್ದೆ ಅಥವಾ ಶಾಲೆ ಮೈದಾನ, ಸುತ್ತ ಮರ, ಬಿದಿರು ಕಟ್ಟಿ ಮಾಡಿದ ಗ್ಯಾಲರಿ, ರಾತ್ರಿ ಫ್ಲಡ್‌ಲೈಟು, ಮೈಕಲ್ಲಿ ಉಸಿರು ಬಿಡದೆ ಕಮೆಂಟ್ರಿ, ಘಾನಾ ನೈಜೀರಿಯಾದಿಂದ ಬಂದ ಆಟಗಾರರು ನಮ್ಮ ಹುಡುಗರ ಭುಜಕ್ಕೆ ಭುಜ ಕೊಟ್ಟು ಓಡ್ತಾ ಇರ್ತಾರೆ. ಭಾವ ನನ್ನನ್ನು ಸಣ್ಣಂದಿನಲ್ಲಿ ಕರ್ಕೊಂಡು ಹೋದದ್ದು ಇಂಥಾ ಆಟಕ್ಕೇ. ಸೈಡ್‌ಲೈನಿಗೆ ಅಷ್ಟು ಹತ್ತಿರ ಕೂತಿದ್ದೆವು ಅಂದ್ರೆ ಟ್ಯಾಕಲ್ ಆದಾಗ ಮಣ್ಣು ಬಂದು ನಮ್ಮ ಚಾ ಗ್ಲಾಸಿಗೆ ಬಿತ್ತು. ಭಾವ ಬೆರಳಲ್ಲಿ ಮಣ್ಣು ತೆಗೆದು ಅದನ್ನೇ ಕುಡಿದ್ರು, ಕಣ್ಣು ಮಾತ್ರ ಆಟದ ಮೇಲೆ.

ವಳಪಟ್ಟಣಂ ಹೊಳೆ ದಾಟಿ ಕಣ್ಣೂರು ಬರುವಾಗ ಜರ್ಸಿ ಹಾಕಿದ ಹುಡುಗರು ಹತ್ತಿದ್ರು, ಆಮೇಲೆ ತಲಶ್ಶೇರಿ, ಮಾಹಿ, ವಡಗರ. ಅವರ ಮಲಯಾಳ, ನಮ್ಮ ಕಾಸರಗೋಡು ಮಲಯಾಳ, ಮಧ್ಯೆ ನಾನೂ ಭಾವನೂ ಕನ್ನಡ. ಯಾರಿಗೂ ಏನೂ ತೊಂದರೆ ಆಗ್ಲಿಲ್ಲ. ಮಾತೆಲ್ಲ ಒಂದೇ, ಕಪ್ಪಿನ ರೇಸಲ್ಲಿದ್ದ ಬೇರೆ ಟೀಮುಗಳದ್ದು, ಚರ್ಚಿಲ್ ಸೋಲ್ತಾರಾ, ಇಂಟರ್ ಕಾಶಿ ಏನು ಮಾಡ್ತಾರೆ.

ಹಿಂದಿನದ್ದು ಗೊತ್ತಿಲ್ಲದಿದ್ರೆ ನಮ್ಮ ಆಸೆ ಅರ್ಥ ಆಗೋದಿಲ್ಲ. ಗೋಕುಲಂ ಶುರುವಾದದ್ದು 2017ರಲ್ಲಿ. 2019ರಲ್ಲಿ ಕೋಲ್ಕತ್ತಕ್ಕೆ ಹೋಗಿ ಮೋಹನ್ ಬಗಾನನ್ನೇ 2-1ರಲ್ಲಿ ಸೋಲಿಸಿ ಡ್ಯುರಾಂಡ್ ಕಪ್ ತಂದ್ರು. 2021ರಲ್ಲಿ ಐ-ಲೀಗ್ ಗೆದ್ರು, 2022ರಲ್ಲಿ ಮತ್ತೆ ಗೆದ್ರು, ಐ-ಲೀಗನ್ನು ಬೆನ್ನುಬೆನ್ನಿಗೆ ಎರಡು ಸಲ ಗೆದ್ದ ಮೊದಲ ಟೀಮು. ಆದ್ರೆ ಗೆದ್ದವರಿಗೆ ಮೇಲಿನ ಹಂತದ ಐಎಸ್‌ಎಲ್‌ಗೆ ಪ್ರಮೋಷನ್ ಅನ್ನೋ ನಿಯಮ ಜಾರಿಗೆ ಬಂದದ್ದು ಅದರ ಮರುವರ್ಷದಿಂದ. 2022-23ರಲ್ಲಿ ಗೆದ್ದ ಪಂಜಾಬ್ ಮೇಲೆ ಹೋಯ್ತು, ಎರಡು ಕಪ್ ಇಟ್ಕೊಂಡು ನಾವು ಕೆಳಗೇ ಉಳಿದೆವು. ನನಗೆ ಇದು ಇವತ್ತಿಗೂ ಅನ್ಯಾಯ ಅಂತಲೇ ಅನ್ನಿಸೋದು. ಯಾರು ಎಂಥ ಲೆಕ್ಕ ಹೇಳಿದ್ರೂ ಒಪ್ಪೋದಿಲ್ಲ.

ಕಲ್ಲಿಕೋಟೆಯಲ್ಲಿ ಇಳಿದು ಮಿಠಾಯಿ ತೆರುವಿನಲ್ಲಿ ಒಂದು ಸುತ್ತು ಹಾಕಿ, ಮನೆಗೆ ಹಲ್ವ ಕಟ್ಟಿಸಿ, ಊಟ ಮಾಡಿ ಇಎಂಎಸ್ ಸ್ಟೇಡಿಯಂ ಕಡೆ ನಡೆದೆವು. ಈ ಸ್ಟೇಡಿಯಂ ಊರ ನಟ್ಟನಡುವೆ ಉಂಟು, ಹೊರಗೋಡೆಯ ಸುತ್ತ ಪೂರ್ತಿ ಅಂಗಡಿಗಳು. ಬಟ್ಟೆ ಅಂಗಡಿಗೆ ಬಂದವರಿಗೆ ಒಳಗೆ ಮ್ಯಾಚು ನಡೀತಾ ಉಂಟು ಅಂತ ಡೋಲಿನ ಶಬ್ದದಿಂದಲೇ ಗೊತ್ತಾಗ್ಬೇಕು. ಇದೇ ಜಿಲ್ಲೆಯ ಪುಳ್ಳಾವೂರಲ್ಲಿ 2022ರ ವರ್ಲ್ಡ್ ಕಪ್ಪಿಗೆ ಹೊಳೆ ಮಧ್ಯೆ ಮೆಸ್ಸಿ, ನೇಮಾರ್ ಕಟೌಟ್ ನಿಲ್ಲಿಸಿದ್ದು ಇಡೀ ಪ್ರಪಂಚ ನೋಡಿತ್ತು. ಅಷ್ಟು ಪ್ರೀತಿ ಇರೋ ಊರಲ್ಲಿ ಗೋಕುಲಂ ಗ್ಯಾಲರಿ ಖಾಲಿ ಖಾಲಿ ಇದ್ದ ದಿನಗಳನ್ನೂ ನಾನು ನೋಡಿದ್ದೇನೆ, ಹೊಟ್ಟೆ ಉರೀತದೆ. ಆದ್ರೂ ಬಟಾಲಿಯಾ ಅನ್ನೋ ಗೋಕುಲಂ ಅಭಿಮಾನಿ ಬಳಗದ ಹುಡುಗರು ಮಾತ್ರ ಯಾವಾಗ್ಲೂ ತಮ್ಮ ಜಾಗದಲ್ಲಿ ಇರ್ತಾರೆ, ಬ್ಯಾನರು, ಡೋಲು, ಗಂಟಲು ಹರಿಯೋ ತನಕ ಹಾಡು. ಅವರ ಪಕ್ಕಕ್ಕೇ ಹೋಗಿ ಕೂತೆವು.

ಮ್ಯಾಚ್ ಶುರುವಾಗಿ ಸರಿಯಾಗಿ ಕೂತಿದ್ದೆವೋ ಇಲ್ವೋ, ಥಾಬಿಸೊ ಬ್ರೌನ್ ಗೋಲು. ಸ್ವಲ್ಪ ಹೊತ್ತಲ್ಲಿ ಇನ್ನೊಂದು. ಸುತ್ತಲೂ ದಕ್ಷಿಣ ಆಫ್ರಿಕಾವೇ ಇರೋ ಲೆಸೊತೊ ಅನ್ನೋ ಪುಟ್ಟ ದೇಶದವನು, ಸೀಸನ್ ಅರ್ಧದಲ್ಲಿ ಬಂದು ಸೇರಿದವನು, ಅವನ ಹೆಸರನ್ನು ಆ ಹೊತ್ತಲ್ಲಿ ಇಡೀ ಗ್ಯಾಲರಿ ಕೂಗ್ತಾ ಇತ್ತು. ನನ್ನ ಮುಂದೆ ಕೂತಿದ್ದ ಒಬ್ಬರು ಹಣ್ಣುಗಡ್ಡದ ಇಕ್ಕ (ಮಲಯಾಳದಲ್ಲಿ ಅಣ್ಣ ಅಂದ ಹಾಗೆ), ಅಷ್ಟು ಹೊತ್ತು ಒಂದು ಮಾತಾಡದವರು, ಎದ್ದು ತಿರುಗಿ ನನ್ನ ಎರಡೂ ಕೈ ಹಿಡ್ಕೊಂಡು ಅಲ್ಲಾಡಿಸಿದ್ರು. ಅವರ ಅಂಗೈ ಬೆವರಿ ಒದ್ದೆ. ಆಮೇಲೆ ಡೆಂಪೋದವರು ಒಂದು ಹಾಕಿದ್ರು, ಇನ್ನೊಂದು ಹಾಕಿದ್ರು, 2-2. ಇಕ್ಕ ಮತ್ತೆ ಹಿಂದೆ ತಿರುಗ್ಲಿಲ್ಲ. ಡೆಂಪೋ ಮುಂದೆ ಹೋಯ್ತು, ಬ್ರೌನ್ ಹ್ಯಾಟ್ರಿಕ್ ಮುಗಿಸಿ 3-3 ಮಾಡಿದ, ಆಗ ನಾನು ಭಾವನ ಹೆಗಲು ಎಷ್ಟು ಗಟ್ಟಿ ಹಿಡ್ಕೊಂಡಿದ್ದೆ ಅಂದ್ರೆ ಅವರು ಕೈ ಬಿಡಿಸ್ಬೇಕಾಯ್ತು. ಕೊನೆಗೆ ಡೆಂಪೋದ ನಾಲ್ಕನೇ ಗೋಲು. 3-4.

ಅತ್ತ ಚರ್ಚಿಲ್ ಕೂಡ ಗೆದ್ದಿರ್ಲಿಲ್ಲ, ಡ್ರಾ ಅಷ್ಟೇ. ಅದು ಗೊತ್ತಾದ್ಮೇಲೆ ಇನ್ನೂ ಜಾಸ್ತಿ ಸಂಕಟ. ಇಂಟರ್ ಕಾಶಿಗೆ ಎಷ್ಟು ಪಾಯಿಂಟ್ ಸಿಗ್ಬೇಕು ಅನ್ನೋ ಜಗಳ ಆಮೇಲೆ ಸ್ವಿಟ್ಜರ್ಲೆಂಡಿನ ಕ್ರೀಡಾ ನ್ಯಾಯಮಂಡಳಿ ತನಕ ಹೋಗಿ ಜುಲೈಯಲ್ಲಿ ಇಂಟರ್ ಕಾಶಿಯೇ ಚಾಂಪಿಯನ್ ಅಂತ ತೀರ್ಮಾನ ಆಯ್ತು, ಆದ್ರೆ ನಮ್ಮ ಸೀಸನ್ ಆ ಮೈದಾನದಲ್ಲೇ ಮುಗಿದಿತ್ತು.

ರಾತ್ರಿ ಟ್ರೈನಿನ ಜನರಲ್ ಬೋಗಿಯಲ್ಲಿ ಬಾಗಿಲ ಹತ್ತಿರ ನಿಂತ್ಕೊಂಡೇ ಬಂದೆವು, ಅಷ್ಟು ರಶ್ಶು. ಪಕ್ಕದಲ್ಲಿ ತೃಕರಿಪುರ ಕಡೆಯ ಇಬ್ಬರು, ಅವರೂ ಮ್ಯಾಚಿಂದಲೇ ವಾಪಸ್. ಡಿಫೆನ್ಸಲ್ಲಿ ಎಲ್ಲಿ ತಪ್ಪಿತು ಅಂತ ಕಣ್ಣೂರು ಬರೋ ತನಕ ಚರ್ಚೆ, ಎರಡು ಗೋಲು ಲೀಡ್ ಇದ್ದಾಗ ಹಿಂದೆ ನಿಂತು ಆಡ್ಬೇಕಿತ್ತು ಅಂತ ಭಾವ, ಇಲ್ಲ, ಇನ್ನೊಂದು ಹೊಡೀಬೇಕಿತ್ತು ಅಂತ ಅವರು. ಇಳಿಯೋ ಮೊದಲು ಅವರಲ್ಲಿ ದೊಡ್ಡವರು, ನಮ್ಮಲ್ಲಿ ಸೆವೆನ್ಸ್ ಇನ್ನೂ ನಡೀತಾ ಉಂಟು, ಫೈನಲಿಗೆ ಬನ್ನಿ, ಊಟ ನಮ್ಮ ಮನೇಲಿ ಅಂದ್ರು. ಭಾವ ಆಗಲೇ ಫೋನ್ ತೆಗೆದು ನಂಬರ್ ಬರ್ಕೊಳ್ತಾ ಇದ್ರು.